ಚಾಮರಾಜನಗರ ಜಿಲ್ಲೆಯ ಋತುಮಾನ

ಚಾಮರಾಜನಗರ ಜಿಲ್ಲೆಯ ಋತುಮಾನ ಎಂಬುದು ಕರ್ನಾಟಕದ ದಕ್ಷಿಣ ತುದಿಯಲ್ಲಿರುವ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ತಾಲ್ಲೂಕುಗಳಲ್ಲಿ ವರ್ಷದುದ್ದಕ್ಕೂ ಕಂಡುಬರುವ ಹವೆ, ಮಳೆ, ಬೆಳೆ ಹಾಗೂ ಕಾಡಿನ ಬದಲಾವಣೆಗಳ ಕ್ರಮವಾಗಿದೆ. ರಾಜ್ಯದ ಕರಾವಳಿ ಮತ್ತು ಮಲೆನಾಡಿನಲ್ಲಿ ಬೇಸಿಗೆಯು ಜೂನ್ ತಿಂಗಳ ಮುಂಗಾರಿನೊಂದಿಗೆ ಕೊನೆಗೊಂಡು, ಜುಲೈನಲ್ಲಿ ಮಳೆಯು ಗರಿಷ್ಠ ಮಟ್ಟವನ್ನು ತಲುಪುತ್ತದೆ. ಚಾಮರಾಜನಗರ ಜಿಲ್ಲೆಯಲ್ಲಿ ಈ ಕ್ರಮ ಬೇರೆಯಾಗಿದೆ. ಇಲ್ಲಿ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯೇ ಬೇಸಿಗೆಯ ಬಿಸಿಯನ್ನು ಮುರಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಕಡಿಮೆಯಾಗಿ ಗಾಳಿ ಹೆಚ್ಚುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅಂದರೆ ಶರದೃತು ಕಾಲಿಡುವ ಹೊತ್ತಿಗೆ, ಮಳೆ ಮತ್ತೆ ಬಲಗೊಳ್ಳುತ್ತದೆ. ಹೀಗೆ ಎರಡು ಮಳೆಗಾಲಗಳ ನಡುವೆ ಒಂದು ಬಿಡುವು ಇರುವುದು ಈ ಜಿಲ್ಲೆಯ ಋತುಮಾನದ ಮುಖ್ಯ ಲಕ್ಷಣವಾಗಿದೆ. ಬಿತ್ತನೆಯ ಕಾಲ, ಕೆರೆಗಳ ನೀರು, ಕಾಡ್ಗಿಚ್ಚಿನ ಭಯ ಮತ್ತು ಜಾತ್ರೆಗಳ ಕಾಲ ಈ ಲಕ್ಷಣಕ್ಕೆ ಹೊಂದಿಕೊಂಡಿವೆ.

## ಭೌಗೋಳಿಕ ಹಿನ್ನೆಲೆ

ಚಾಮರಾಜನಗರ ಜಿಲ್ಲೆಯನ್ನು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿ ರಚಿಸಲಾಯಿತು. ಪಶ್ಚಿಮದಲ್ಲಿ ಕೇರಳದ ವಯನಾಡು, ದಕ್ಷಿಣದಲ್ಲಿ ತಮಿಳುನಾಡಿನ ನೀಲಗಿರಿ ಹಾಗೂ ಈರೋಡು ಜಿಲ್ಲೆಗಳು ಇದರ ನೆರೆಯಲ್ಲಿವೆ. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳು ಸಂಧಿಸುವ ಪ್ರದೇಶದಲ್ಲಿ ಜಿಲ್ಲೆಯಿದ್ದು, ಬಿಳಿಗಿರಿರಂಗನ ಬೆಟ್ಟಗಳು ಈ ಎರಡು ಶ್ರೇಣಿಗಳ ನಡುವಣ ಸೇತುವೆಯಂತಿವೆ. ಇವುಗಳ ಅತ್ಯುನ್ನತ ಭಾಗವು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಸುಮಾರು 1,450 ಮೀಟರ್ ಎತ್ತರವಿದೆ. ಇವುಗಳ ನಡುವಿನ ಬಯಲು ಸೀಮೆ ಕೆಂಪು ಮತ್ತು ಕಪ್ಪು ಮಣ್ಣಿನ ಹೊಲಗಳಿಂದ ಕೂಡಿದೆ.

ಅರಬ್ಬಿ ಸಮುದ್ರದಿಂದ ಬೀಸುವ ನೈಋತ್ಯ ಮುಂಗಾರು ಮಾರುತಗಳು ವಯನಾಡು ಮತ್ತು ನೀಲಗಿರಿಯ ಗಾಳಿಯೆದುರಿನ ಇಳಿಜಾರುಗಳಲ್ಲಿ ಹೆಚ್ಚಿನ ತೇವಾಂಶವನ್ನು ಕಳೆದುಕೊಳ್ಳುತ್ತವೆ. ಅವು ಘಟ್ಟವನ್ನು ದಾಟಿ ಇಳಿಯುವಾಗ ಒಣಗಾಳಿಯಾಗುತ್ತವೆ. ಆದ್ದರಿಂದ ಜಿಲ್ಲೆಯ ಬಯಲು ಭಾಗವು ಮಳೆನೆರಳಿನ ಪ್ರದೇಶವಾಗಿದ್ದು, ವಾರ್ಷಿಕ ಸರಾಸರಿ ಮಳೆಯು ಸುಮಾರು 700ರಿಂದ 800 ಮಿಲಿಮೀಟರ್‌ನಷ್ಟಿದೆ. ಘಟ್ಟದ ಆಚೆ ಬದಿಯ ವಯನಾಡಿನಲ್ಲಿ ಇದರ ಹಲವು ಪಟ್ಟು ಮಳೆ ಬೀಳುತ್ತದೆ. ಜಿಲ್ಲೆಯೊಳಗೂ ವ್ಯತ್ಯಾಸವಿದೆ. ಕೇರಳದ ಗಡಿಗೆ ಹತ್ತಿರವಿರುವ ಮೂಲೆಹೊಳೆ, ಮದ್ದೂರು ಕಡೆ ಜೂನ್–ಜುಲೈನಲ್ಲಿ ಸೋನೆ ಮಳೆಯಾಗುತ್ತದೆ. ಪೂರ್ವಕ್ಕೆ ಸರಿದಂತೆ ಮುಂಗಾರು ಕ್ಷೀಣಿಸಿ, ಕೊಳ್ಳೇಗಾಲ ಮತ್ತು ಹನೂರಿನಲ್ಲಿ ಹಿಂಗಾರಿನ ಪಾಲು ಹೆಚ್ಚುತ್ತದೆ.

ಜಿಲ್ಲೆಯು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷದ ಅತಿ ದೀರ್ಘ ಹಗಲು ಮತ್ತು ಅತಿ ಕಿರಿದಾದ ಹಗಲುಗಳ ನಡುವಣ ಅಂತರ ಒಂದೂವರೆ ಗಂಟೆಗಿಂತ ಕಡಿಮೆ. ಸೂರ್ಯನು ಏಪ್ರಿಲ್ ಮೂರನೆಯ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್ ಮೂರನೆಯ ವಾರದ ಸುಮಾರಿಗೆ ಇನ್ನೊಮ್ಮೆ ನೆತ್ತಿಯ ಮೇಲೆ ಬರುತ್ತಾನೆ. ಶೀತವಲಯದ ದೇಶಗಳಲ್ಲಿ ಋತುಗಳನ್ನು ಹಗಲಿನ ಉದ್ದ ಮತ್ತು ಚಳಿ ನಿರ್ಧರಿಸಿದರೆ, ಇಲ್ಲಿ ಮಳೆಯ ಹಂಚಿಕೆಯೇ ಅವುಗಳನ್ನು ನಿರ್ಧರಿಸುತ್ತದೆ.

## ಋತುಗಣನೆಯ ಕ್ರಮಗಳು

ಜಿಲ್ಲೆಯಲ್ಲಿ ಮೂರು ಬಗೆಯ ಋತುಗಣನೆಗಳು ಒಟ್ಟಿಗೆ ಬಳಕೆಯಲ್ಲಿವೆ.

ಪಂಚಾಂಗದ ಕ್ರಮ: ಚಾಂದ್ರಮಾನ ಪಂಚಾಂಗದಲ್ಲಿ ವರ್ಷವನ್ನು ಎರಡೆರಡು ಮಾಸಗಳ ಆರು ಋತುಗಳಾಗಿ ವಿಂಗಡಿಸಲಾಗಿದೆ. ಚೈತ್ರ–ವೈಶಾಖ ವಸಂತ, ಜ್ಯೇಷ್ಠ–ಆಷಾಢ ಗ್ರೀಷ್ಮ, ಶ್ರಾವಣ–ಭಾದ್ರಪದ ವರ್ಷ, ಆಶ್ವಯುಜ–ಕಾರ್ತೀಕ ಶರತ್, ಮಾರ್ಗಶಿರ–ಪುಷ್ಯ ಹೇಮಂತ, ಮಾಘ–ಫಾಲ್ಗುಣ ಶಿಶಿರ. ಈ ವಿಂಗಡಣೆಯು ಚಾಮರಾಜನಗರದ ಹವೆಗೆ ಪೂರ್ಣವಾಗಿ ಹೊಂದುವುದಿಲ್ಲ. ಇಲ್ಲಿ ವರ್ಷದ ಅತ್ಯಂತ ಬಿಸಿಯಾದ ದಿನಗಳು ವಸಂತದಲ್ಲಿ ಬರುತ್ತವೆ, ಗ್ರೀಷ್ಮದಲ್ಲಿ ಗಾಳಿ ತಂಪಾಗಿರುತ್ತದೆ ಮತ್ತು ವರ್ಷ ಋತುವಿಗಿಂತ ಶರದೃತುವಿನ ಆರಂಭದಲ್ಲಿ ಮಳೆ ಬಿರುಸಾಗಿರುತ್ತದೆ. ತಿಳಿಯಾದ ಆಕಾಶ, ಬಿಳಿಯ ಮೋಡ ಮತ್ತು ಬೆಳದಿಂಗಳು ಶರತ್ಕಾಲದ ಲಕ್ಷಣಗಳೆಂದು ಸಂಸ್ಕೃತ ಮತ್ತು ಹಳಗನ್ನಡ ಕಾವ್ಯಗಳ ಋತುವರ್ಣನೆಯಲ್ಲಿ ರೂಢಿಗೊಂಡಿವೆ. ಈ ಜಿಲ್ಲೆಯಲ್ಲಿ ಅಂತಹ ಆಕಾಶವು ಹೆಚ್ಚಾಗಿ ಹಿಂಗಾರು ತಗ್ಗಿದ ಮೇಲೆ, ಕಾರ್ತೀಕದ ಕೊನೆಯಲ್ಲಿ ಮತ್ತು ಹೇಮಂತದಲ್ಲಿ ಕಾಣಸಿಗುತ್ತದೆ.

ಹವಾಮಾನ ಇಲಾಖೆಯ ಕ್ರಮ: ಭಾರತೀಯ ಹವಾಮಾನ ಇಲಾಖೆಯು ವರ್ಷವನ್ನು ಚಳಿಗಾಲ (ಜನವರಿ–ಫೆಬ್ರವರಿ), ಮುಂಗಾರು ಪೂರ್ವ ಅವಧಿ (ಮಾರ್ಚ್–ಮೇ), ನೈಋತ್ಯ ಮುಂಗಾರು (ಜೂನ್–ಸೆಪ್ಟೆಂಬರ್) ಹಾಗೂ ಹಿಂಗಾರು (ಅಕ್ಟೋಬರ್–ಡಿಸೆಂಬರ್) ಎಂದು ನಾಲ್ಕು ಭಾಗಗಳಾಗಿ ವಿಂಗಡಿಸುತ್ತದೆ. ಬರ ಘೋಷಣೆ, ಬೆಳೆ ವಿಮೆ ಮುಂತಾದ ಸರಕಾರಿ ವ್ಯವಹಾರಗಳಲ್ಲಿ ಮುಂಗಾರು ಮತ್ತು ಹಿಂಗಾರು ಹಂಗಾಮುಗಳ ಲೆಕ್ಕವೇ ಆಧಾರವಾಗಿದೆ.

ಮಳೆ ನಕ್ಷತ್ರಗಳ ಕ್ರಮ: ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಸುಮಾರು 13–14 ದಿನಗಳ ಅವಧಿಯನ್ನು ಒಂದು ‘ಮಳೆ’ ಎಂದು ರೈತರು ಎಣಿಸುತ್ತಾರೆ. ‘ಭರಣಿ ಮಳೆ’, ‘ಉತ್ತರೆ ಮಳೆ’ ಎಂಬ ಹೆಸರುಗಳು ಆ ದಿನಗಳಲ್ಲಿ ನಿಜವಾಗಿ ಮಳೆ ಬಂದರೂ ಬಾರದಿದ್ದರೂ ಬಳಕೆಯಾಗುತ್ತವೆ. ಬಿತ್ತನೆಯ ಮಾತುಕತೆಯಲ್ಲಿ ತಿಂಗಳುಗಳಿಗಿಂತ ಈ ಹೆಸರುಗಳೇ ಹೆಚ್ಚಾಗಿ ಕೇಳಿಬರುತ್ತವೆ.

| ಮಳೆ ನಕ್ಷತ್ರಗಳು | ಸುಮಾರು ಅವಧಿ | ಜಿಲ್ಲೆಯಲ್ಲಿ ಸಾಮಾನ್ಯ ಸ್ಥಿತಿ |
|---|---|---|
| ಅಶ್ವಿನಿ, ಭರಣಿ | ಏಪ್ರಿಲ್ ಮಧ್ಯ – ಮೇ ಎರಡನೆಯ ವಾರ | ಬಿಸಿಲು, ಸಂಜೆಯ ಗುಡುಗು ಮಳೆ. ಉಳುಮೆ, ಮೊದಲ ಬಿತ್ತನೆ |
| ಕೃತ್ತಿಕೆ, ರೋಹಿಣಿ | ಮೇ ಎರಡನೆಯ ವಾರ – ಜೂನ್ ಮೊದಲ ವಾರ | ಮೊದಲ ಮಳೆಗಾಲದ ಉತ್ಕರ್ಷ. ಹತ್ತಿ, ಜೋಳ, ಸೂರ್ಯಕಾಂತಿ, ಅರಿಶಿನ |
| ಮೃಗಶಿರ, ಆರಿದ್ರ | ಜೂನ್ ಎರಡನೆಯ ವಾರ – ಜುಲೈ ಮೊದಲ ವಾರ | ಮೋಡ, ಗಾಳಿ, ಪಶ್ಚಿಮ ಭಾಗದಲ್ಲಿ ಸೋನೆ |
| ಪುನರ್ವಸು, ಪುಷ್ಯ | ಜುಲೈ ಮೊದಲ ವಾರ – ಆಗಸ್ಟ್ ಆರಂಭ | ಮಳೆಯ ಬಿಡುವು; ಸೂರ್ಯಕಾಂತಿ ಹೂಬಿಡುವಿಕೆ |
| ಆಶ್ಲೇಷ, ಮಘೆ | ಆಗಸ್ಟ್ | ರಾಗಿ ಬಿತ್ತನೆ. ಮೊದಲ ಬೆಳೆಗಳ ಕೊಯ್ಲು |
| ಪುಬ್ಬೆ, ಉತ್ತರೆ | ಆಗಸ್ಟ್ ಕೊನೆ – ಸೆಪ್ಟೆಂಬರ್ ಕೊನೆ | ಮಳೆ ಮತ್ತೆ ಹೆಚ್ಚುವುದು; ಹುರುಳಿ ಬಿತ್ತನೆ |
| ಹಸ್ತೆ, ಚಿತ್ತೆ, ಸ್ವಾತಿ | ಸೆಪ್ಟೆಂಬರ್ ಕೊನೆ – ನವೆಂಬರ್ ಮೊದಲ ವಾರ | ಎರಡನೆಯ ಮಳೆಗಾಲದ ಉತ್ಕರ್ಷ. ಕೆರೆಕಟ್ಟೆ ತುಂಬುವ ಕಾಲ |
| ವಿಶಾಖ | ನವೆಂಬರ್ ಮೊದಲ ವಾರದ ಕೊನೆ – ನವೆಂಬರ್ ಮೂರನೆಯ ವಾರ | ಹಿಂಗಾರು ತಗ್ಗುವುದು |

## ಬೇಸಿಗೆ

ಫೆಬ್ರವರಿಯ ಉತ್ತರಾರ್ಧದಿಂದ ಬಿಸಿಲು ಏರತೊಡಗಿ, ಮಾರ್ಚ್–ಏಪ್ರಿಲ್‌ನಲ್ಲಿ ಬಯಲಿನ ಗರಿಷ್ಠ ಉಷ್ಣತೆಯು ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಸುಮಾರು 800 ಮೀಟರ್ ಎತ್ತರದಲ್ಲಿರುವ ಗುಂಡ್ಲುಪೇಟೆಗಿಂತ ಕಾವೇರಿಯ ತಗ್ಗಿನಲ್ಲಿರುವ ಕೊಳ್ಳೇಗಾಲದಲ್ಲಿ ಸೆಕೆ ಹೆಚ್ಚು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಬೇಸಿಗೆಯಲ್ಲೂ ಬೆಳಗಿನ ಮಂಜು ಕಾಣುವುದುಂಟು. ‘ಹಿಮವದ್’ ಎಂಬ ವಿಶೇಷಣಕ್ಕೆ ಈ ಮಂಜೇ ಕಾರಣವೆಂಬ ನಂಬಿಕೆಯಿದೆ.

ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಎಲೆಯುದುರುವ ಕಾಡುಗಳಲ್ಲಿ ತೇಗ, ಮತ್ತಿ, ದಿಂಡಿಗ, ಹೊನ್ನೆ ಮೊದಲಾದ ಮರಗಳು ಜನವರಿಯಿಂದ ಮಾರ್ಚ್‌ವರೆಗೆ ಎಲೆ ಕಳಚುತ್ತವೆ. ಯುರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಎಲೆಯುದುರುವಿಕೆಯು ಶರತ್ಕಾಲದ ಗುರುತಾಗಿದ್ದರೆ, ಇಲ್ಲಿ ಅದು ಶಿಶಿರ ಮತ್ತು ಬೇಸಿಗೆಯ ಆರಂಭದ ಗುರುತು. ಅಲ್ಲಿ ಚಳಿ ಮತ್ತು ಬೆಳಕಿನ ಕೊರತೆಯು ಎಲೆಯುದುರಲು ಕಾರಣವಾದರೆ, ಇಲ್ಲಿ ಮಣ್ಣಿನ ತೇವದ ಕೊರತೆ ಕಾರಣ. ಎಲೆಯಿಂದ ಆವಿಯಾಗುವ ನೀರನ್ನು ಉಳಿಸಿಕೊಳ್ಳಲು ಮರಗಳು ಎಲೆಗಳನ್ನೇ ಬಿಟ್ಟುಕೊಡುತ್ತವೆ. ಬೋಳು ಮರಗಳ ನಡುವೆ ಫೆಬ್ರವರಿ–ಮಾರ್ಚ್‌ನಲ್ಲಿ ಮುತ್ತುಗ, ಏಪ್ರಿಲ್–ಮೇನಲ್ಲಿ ಕಕ್ಕೆ ಹೂಬಿಡುತ್ತವೆ.

## ಮೊದಲ ಮಳೆಗಾಲ

ಏಪ್ರಿಲ್‌ನಲ್ಲಿ ನೆಲ ಕಾದು ಮೇಲೇರುವ ಬಿಸಿಗಾಳಿಯು ಸಮುದ್ರದ ಕಡೆಯಿಂದ ಬರುವ ತೇವಾಂಶದೊಂದಿಗೆ ಬೆರೆತು ಮಧ್ಯಾಹ್ನದ ಬಳಿಕ ದಟ್ಟ ಮೋಡಗಳಾಗುತ್ತದೆ. ಸಂಜೆ ಗುಡುಗು, ಮಿಂಚು, ಬಿರುಗಾಳಿಯೊಂದಿಗೆ ಅಲ್ಪಾವಧಿಯ ಜೋರು ಮಳೆಯಾಗುತ್ತದೆ. ಕೆಲವೊಮ್ಮೆ ಆಲಿಕಲ್ಲು ಬೀಳುತ್ತದೆ. ಒಂದು ಊರಿನಲ್ಲಿ ಹಳ್ಳ ಹರಿದರೆ ಪಕ್ಕದ ಊರಿನಲ್ಲಿ ಧೂಳು ಮಾತ್ರ ಏಳುವುದು ಈ ಮಳೆಯ ಸ್ವಭಾವ. ಮೇ ತಿಂಗಳು ಜಿಲ್ಲೆಯ ಹೆಚ್ಚು ಮಳೆಯ ತಿಂಗಳುಗಳಲ್ಲಿ ಒಂದು.

ಕರ್ನಾಟಕದ ಬಹುಭಾಗದಲ್ಲಿ ಇದು ‘ಮುಂಗಾರು ಪೂರ್ವ’ ಮಳೆ ಮಾತ್ರವಾಗಿದ್ದರೆ, ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಮಳೆಯಾಶ್ರಿತ ರೈತರಿಗೆ ಬಿತ್ತನೆಯ ಕಾಲವೇ ಇದಾಗಿದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯ ಅರ್ಥ ಈ ಭಾಗದಲ್ಲಿ ಅಕ್ಷರಶಃ ಸಲ್ಲುತ್ತದೆ. ಇದೇ ಮಳೆಯು ಹಾನಿಯನ್ನೂ ತರುತ್ತದೆ. ಗೊನೆ ಬಿಟ್ಟ ಬಾಳೆಯ ತೋಟಗಳು ಬಿರುಗಾಳಿಗೆ ಸಿಕ್ಕಿ ನೆಲಕಚ್ಚುವುದು ಏಪ್ರಿಲ್–ಮೇ ತಿಂಗಳುಗಳಲ್ಲಿ ಮರುಕಳಿಸುವ ನಷ್ಟವಾಗಿದೆ.

## ನಡುವಿನ ಬಿಡುವು

ಕೇರಳದ ಕರಾವಳಿಗೆ ಮುಂಗಾರು ತಲುಪುವ ವಾಡಿಕೆಯ ದಿನ ಜೂನ್ 1. ಆ ಬಳಿಕ ವಯನಾಡಿನಲ್ಲಿ ಎಡೆಬಿಡದ ಮಳೆಯಾಗುತ್ತಿರುವಾಗ, ಗುಂಡ್ಲುಪೇಟೆಯ ಬಯಲಿನಲ್ಲಿ ಮೋಡಗಳು ವೇಗವಾಗಿ ಪೂರ್ವಕ್ಕೆ ಸಾಗುತ್ತವೆ, ಬಲವಾದ ಗಾಳಿ ಬೀಸುತ್ತದೆ, ನಡುನಡುವೆ ತುಂತುರು ಮಾತ್ರ ಬೀಳುತ್ತದೆ. ಉಷ್ಣತೆಯು ಬೇಸಿಗೆಗಿಂತ ಹಲವು ಡಿಗ್ರಿ ಇಳಿಯುತ್ತದೆ. ಹೀಗೆ ಜೂನ್–ಆಗಸ್ಟ್ ಅವಧಿಯು ತಂಪಾಗಿದ್ದರೂ ಹೊಲಕ್ಕೆ ಬೇಕಾದಷ್ಟು ನೀರು ಕೊಡದ ಕಾಲವಾಗಿದೆ.

ಮೇ ತಿಂಗಳಲ್ಲಿ ಬಿತ್ತಿದ ಬೆಳೆಯ ಭವಿಷ್ಯ ಈ ಬಿಡುವು ಎಷ್ಟು ದೀರ್ಘವಾಗುತ್ತದೆ ಎಂಬುದನ್ನು ಅವಲಂಬಿಸಿದೆ. ವಾರಕ್ಕೊಮ್ಮೆ ತುಂತುರು ಬಿದ್ದರೆ ಹತ್ತಿ, ಜೋಳ, ಸೂರ್ಯಕಾಂತಿಗಳು ತಡೆದುಕೊಳ್ಳುತ್ತವೆ. ಹೂಬಿಡುವ ಹಂತದಲ್ಲಿ ಮೂರು ನಾಲ್ಕು ವಾರ ಮಳೆ ಇಲ್ಲವಾದರೆ ಇಳುವರಿ ಕುಸಿಯುತ್ತದೆ. 2023ರ ಆಗಸ್ಟ್, 1901ರಿಂದೀಚೆಗೆ ದೇಶದ ಅತ್ಯಂತ ಒಣ ಆಗಸ್ಟ್ ಎಂದು ಹವಾಮಾನ ಇಲಾಖೆಯ ದಾಖಲೆಗಳಲ್ಲಿದೆ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರ ಘೋಷಿಸಿತು.

### ಹೂವಿನ ಹೊಲಗಳು

ಬಿಡುವಿನ ಈ ತಿಂಗಳುಗಳಲ್ಲೇ ಗುಂಡ್ಲುಪೇಟೆ ತಾಲ್ಲೂಕಿನ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳು ಅರಳುತ್ತವೆ. ಕೇರಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಹಾಗೂ ಊಟಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿರುವ ಈ ಹೊಲಗಳನ್ನು ನೋಡಲು ವಯನಾಡು, ಕೋಳಿಕ್ಕೋಡು ಮತ್ತು ಮಲಪ್ಪುರಂ ಕಡೆಯಿಂದ ಪ್ರವಾಸಿಗರು ಬರುತ್ತಾರೆ. ಘಟ್ಟದ ಆಚೆ ಬಿರುಮಳೆಯಿರುವ ದಿನಗಳಲ್ಲಿ ಘಟ್ಟದ ಈಚೆ ತೆರೆದ ಆಕಾಶವಿರುವುದು ಅವರಿಗೆ ಅನುಕೂಲಕರವಾಗಿದೆ. ಚೆಂಡುಹೂವನ್ನು ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗಳಿಗಾಗಿ ಬೆಳೆಯುವುದಲ್ಲದೆ, ಓಣಂ ಹಬ್ಬದ ಪೂಕ್ಕಳಂ ರಂಗೋಲಿಗಾಗಿ ಕೇರಳಕ್ಕೂ ಕಳುಹಿಸಲಾಗುತ್ತದೆ. ಓಣಂ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬರುವುದರಿಂದ ಹೂವಿನ ಕೊಯ್ಲು ಮತ್ತು ಹಬ್ಬದ ಬೇಡಿಕೆ ಒಂದೇ ಕಾಲಕ್ಕೆ ಒದಗುತ್ತವೆ.

### ಮಳೆಯಿಲ್ಲದ ಪ್ರವಾಹ

ಸ್ಥಳೀಯ ಮಳೆ ಕಡಿಮೆಯಿರುವ ಜುಲೈ–ಆಗಸ್ಟ್‌ನಲ್ಲೇ ಜಿಲ್ಲೆಯ ನದಿತೀರದಲ್ಲಿ ಪ್ರವಾಹ ಬರುವುದು ಇನ್ನೊಂದು ವಿಶೇಷ. ಕೊಡಗಿನಲ್ಲಿ ಹುಟ್ಟುವ ಕಾವೇರಿ ಮತ್ತು ವಯನಾಡಿನಲ್ಲಿ ಹುಟ್ಟುವ ಕಬಿನಿ ನದಿಗಳು ಮುಂಗಾರಿನಲ್ಲಿ ಉಕ್ಕುತ್ತವೆ. ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳು ಭರ್ತಿಯಾಗಿ ಹೆಚ್ಚುವರಿ ನೀರನ್ನು ಬಿಟ್ಟಾಗ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ ಮೊದಲಾದ ನದಿತೀರದ ಗ್ರಾಮಗಳು ಜಲಾವೃತವಾಗುತ್ತವೆ. 2019ರ ಆಗಸ್ಟ್‌ನಲ್ಲಿ ಇಂತಹ ಪ್ರವಾಹವಾಗಿತ್ತು. ಶಿವನಸಮುದ್ರದ ಭರಚುಕ್ಕಿ ಜಲಪಾತ ಮೈದುಂಬಿ ಧುಮುಕುವುದೂ ಇದೇ ದಿನಗಳಲ್ಲಿ. ಹೀಗಾಗಿ ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ನೆರೆ ಪರಿಹಾರ ಕೇಂದ್ರಗಳು ತೆರೆದಿರುವಾಗ, ಇನ್ನೊಂದು ತುದಿಯ ಹೊಲಗಳು ಮಳೆಗಾಗಿ ಕಾಯುತ್ತಿರುವುದುಂಟು.

## ಶರತ್ಕಾಲ ಮತ್ತು ಹಿಂಗಾರು

ಸೆಪ್ಟೆಂಬರ್‌ನಲ್ಲಿ ಮುಂಗಾರು ಮಾರುತಗಳ ಬಲ ಕುಗ್ಗಿದಂತೆ ಗಾಳಿಯ ವೇಗ ಇಳಿಯುತ್ತದೆ, ಬಿಸಿಲು ಸ್ವಲ್ಪ ಏರುತ್ತದೆ ಮತ್ತು ಸಂಜೆಯ ಗುಡುಗು ಮಳೆ ಮರಳುತ್ತದೆ. ಅಕ್ಟೋಬರ್ ಮಧ್ಯದ ವೇಳೆಗೆ ಮುಂಗಾರು ರಾಜ್ಯದಿಂದ ಹಿಂದೆ ಸರಿದು, ಗಾಳಿಯು ಈಶಾನ್ಯದ ಕಡೆಯಿಂದ ಬೀಸತೊಡಗುತ್ತದೆ. ಬಂಗಾಳ ಕೊಲ್ಲಿಯ ತೇವಾಂಶ ಮತ್ತು ಅಲ್ಲಿ ಉಂಟಾಗುವ ವಾಯುಭಾರ ಕುಸಿತಗಳು ತಮಿಳುನಾಡನ್ನು ದಾಟಿ ಈ ಜಿಲ್ಲೆಗೆ ಮಳೆ ತರುತ್ತವೆ. ಮುಂಗಾರಿಗೆ ಅಡ್ಡವಾಗಿದ್ದ ಪಶ್ಚಿಮದ ಪರ್ವತಗಳು ಈ ಗಾಳಿಗೆ ಅಡ್ಡಬರುವುದಿಲ್ಲ. ಸಾಮಾನ್ಯ ವರ್ಷಗಳಲ್ಲಿ ಅಕ್ಟೋಬರ್ ಜಿಲ್ಲೆಯ ಅತಿ ಹೆಚ್ಚು ಮಳೆಯ ತಿಂಗಳಾಗಿರುತ್ತದೆ.

ಗಡಿಭಾಗದ ಬೆಟ್ಟಗಳಿಂದ ಹರಿದು ಬರುವ ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳು, ಗುಂಡ್ಲುಪೇಟೆಯ ಮೂಲಕ ಹರಿದು ನಂಜನಗೂಡಿನ ಬಳಿ ಕಬಿನಿಯನ್ನು ಸೇರುವ ಗುಂಡ್ಲು ಹೊಳೆ ಹಾಗೂ ಬಯಲಿನ ಕೆರೆಗಳಿಗೆ ಮುಖ್ಯವಾಗಿ ನೀರು ಬರುವುದು ಈ ಮಳೆಯಿಂದ. ಹಿಂಗಾರು ಕೈಕೊಟ್ಟರೆ ಮುಂದಿನ ಏಪ್ರಿಲ್‌ವರೆಗೆ, ಅಂದರೆ ಐದಾರು ತಿಂಗಳು, ಕೆರೆ ತುಂಬುವ ಬೇರೆ ಮಳೆಯಿಲ್ಲ. ಈ ಅವಲಂಬನೆಯನ್ನು ತಗ್ಗಿಸಲು ಮುಂಗಾರಿನಲ್ಲಿ ತುಂಬಿ ಹರಿಯುವ ಕಬಿನಿಯ ನೀರನ್ನು ಏತ ನೀರಾವರಿಯ ಮೂಲಕ ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಕೆರೆಗಳಿಗೆ ಹರಿಸುವ ಯೋಜನೆಗಳನ್ನು ಕೈಗೊಳ್ಳಲಾಗಿದೆ. ವಯನಾಡಿನ ಜುಲೈ ಮಳೆಯನ್ನು ಮಳೆನೆರಳಿನ ಕೆರೆಗಳಿಗೆ ತರುವುದು ಇವುಗಳ ಉದ್ದೇಶ.

ನವೆಂಬರ್ ಕೊನೆಯ ಹೊತ್ತಿಗೆ ಮಳೆ ತಗ್ಗಿ, ಇಬ್ಬನಿ ಮತ್ತು ಚಳಿ ಆರಂಭವಾಗುತ್ತವೆ.

## ಕೃಷಿಯ ಮೇಲೆ ಪ್ರಭಾವ

ಎರಡು ಮಳೆಗಾಲಗಳಿರುವುದರಿಂದ ಮಳೆಯಾಶ್ರಿತ ಹೊಲಗಳಲ್ಲಿ ಎರಡು ಬೆಳೆ ತೆಗೆಯುವ ಅವಕಾಶವಿದೆ; ಆದರೆ ಪ್ರತಿಯೊಂದು ಬೆಳೆಗೂ ಸಿಗುವ ಕಾಲ ಕಿರಿದು.

* ಮೊದಲ ಬೆಳೆ: ಏಪ್ರಿಲ್–ಮೇ ಮಳೆಗೆ ಸೂರ್ಯಕಾಂತಿ, ಜೋಳ, ಹತ್ತಿ, ಸಾಂಬಾರ್ ಈರುಳ್ಳಿ ಬಿತ್ತಲಾಗುತ್ತದೆ. ಹತ್ತಿಯನ್ನು ಬಿಟ್ಟರೆ ಉಳಿದವು ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಹೊಲದಿಂದ ತೆರವಾಗುತ್ತವೆ.
* ಎರಡನೆಯ ಬೆಳೆ: ಜುಲೈ–ಆಗಸ್ಟ್‌ನಲ್ಲಿ ರಾಗಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹುರುಳಿ, ಕಪ್ಪು ಮಣ್ಣಿನ ಹೊಲಗಳಲ್ಲಿ ಕಡಲೆ ಬಿತ್ತಲಾಗುತ್ತದೆ. ರಾಗಿ ತೆನೆಗಟ್ಟುವುದು ಹಿಂಗಾರಿನ ತೇವದಲ್ಲಿ, ಕೊಯ್ಲು ನವೆಂಬರ್–ಡಿಸೆಂಬರ್‌ನಲ್ಲಿ.
* ದೀರ್ಘಾವಧಿ ಬೆಳೆ: ಮೇ–ಜೂನ್‌ನಲ್ಲಿ ನೆಟ್ಟ ಅರಿಶಿನವನ್ನು ಮುಂದಿನ ಜನವರಿ–ಮಾರ್ಚ್‌ನಲ್ಲಿ ಅಗೆಯಲಾಗುತ್ತದೆ. ಕೊಳವೆಬಾವಿಯ ಆಸರೆಯಲ್ಲಿ ಬಾಳೆ ಮತ್ತು ತರಕಾರಿ ವರ್ಷವಿಡೀ ಬೆಳೆಯುತ್ತವೆ.
* ನಾಲೆಯ ಬೆಳೆ: ಯಳಂದೂರು ಮತ್ತು ಕೊಳ್ಳೇಗಾಲದ ನಾಲಾ ಪ್ರದೇಶಗಳಲ್ಲಿ ಜಲಾಶಯದ ನೀರು ಬಿಟ್ಟ ಮೇಲೆ, ಜುಲೈ–ಆಗಸ್ಟ್‌ನಲ್ಲಿ ಭತ್ತದ ನಾಟಿ ನಡೆಯುತ್ತದೆ. ಇಲ್ಲಿನ ಬೇಸಾಯವು ಸ್ಥಳೀಯ ಮಳೆಗಿಂತ ಕೊಡಗು ಮತ್ತು ವಯನಾಡಿನ ಮಳೆಯನ್ನು ಆಧರಿಸಿದೆ.

ಅಕ್ಟೋಬರ್–ನವೆಂಬರ್‌ನ ಮಳೆಯು ಬೇಕಾದ್ದೂ ಹೌದು, ಅಳುಕಿನದೂ ಹೌದು. ಬಿತ್ತಿದ ಹುರುಳಿಗೆ ವರವಾದ ಚಿತ್ತೆ–ಸ್ವಾತಿ ಮಳೆಯು, ಬಿಡಿಸಲು ಸಿದ್ಧವಾದ ಹತ್ತಿಯನ್ನು ಕಪ್ಪಾಗಿಸಬಲ್ಲದು. ನವೆಂಬರ್‌ನಲ್ಲಿ ಅದೇ ಮಳೆ ಮುಂದುವರಿದರೆ ಕೊಯ್ದು ಹಾಕಿದ ರಾಗಿಯ ತೆನೆ ಹೊಲದಲ್ಲೇ ಮೊಳೆಯುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಇದರೊಂದಿಗೆ ಆನೆಗಳ ಕಾಟವೂ ಸೇರುತ್ತದೆ. ತೆನೆ ಬಲಿಯುವ ವಾರಗಳಲ್ಲಿ ರೈತರು ಮರದ ಮೇಲಿನ ಅಟ್ಟಣೆಗಳಲ್ಲಿ ರಾತ್ರಿ ಕಾವಲು ಕಾಯುತ್ತಾರೆ.

## ಕಾಡು ಮತ್ತು ವನ್ಯಜೀವಿ

ಬಂಡೀಪುರವು 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಮೀಸಲು ಪ್ರದೇಶಗಳಲ್ಲಿ ಒಂದು. ಬಿಳಿಗಿರಿರಂಗನ ಬೆಟ್ಟವನ್ನು 1974ರಲ್ಲಿ ವನ್ಯಜೀವಿ ಧಾಮವೆಂದೂ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಿಸಲಾಯಿತು. ಬೇಸಿಗೆಯಲ್ಲಿ ಕಾಡಿನೊಳಗಿನ ನೀರಿನ ಹೊಂಡಗಳು ಬತ್ತಿದಾಗ ಆನೆಗಳು ದೊಡ್ಡ ಸಂಖ್ಯೆಯಲ್ಲಿ ಕಬಿನಿ ಹಿನ್ನೀರಿನ ಕಡೆಗೆ ಸಾಗುತ್ತವೆ. ಮೇ ತಿಂಗಳ ಮಳೆಗೆ ಹುಲ್ಲು ಚಿಗುರಿದಾಗ ಅವು ಮತ್ತೆ ಚದುರುತ್ತವೆ. ಶರತ್ಕಾಲದ ಮಳೆಯ ನಂತರ ಕಾಡು ಅತ್ಯಂತ ದಟ್ಟವಾಗಿದ್ದು, ಹುಲ್ಲು ಆಳೆತ್ತರಕ್ಕೆ ಬೆಳೆದಿರುತ್ತದೆ.

ಇದೇ ಹುಲ್ಲು ಮುಂದಿನ ಬೇಸಿಗೆಯಲ್ಲಿ ಕಾಡ್ಗಿಚ್ಚಿಗೆ ಉರುವಲಾಗುತ್ತದೆ. ಹಿಂಗಾರು ಚೆನ್ನಾಗಿ ಆದ ವರ್ಷ ನೆಲದ ತೇವ ಹೆಚ್ಚು ದಿನ ಉಳಿದು ಬೆಂಕಿಯ ಕಾಲ ತಡವಾಗಿ ಆರಂಭವಾಗುತ್ತದೆ. ಹಿಂಗಾರು ಸೋತರೆ ಜನವರಿಯಲ್ಲೇ ಕಾಡು ಒಣಗಿರುತ್ತದೆ. 2018ರ ಹಿಂಗಾರು ದಕ್ಷಿಣ ಭಾರತದಲ್ಲಿ ವಾಡಿಕೆಗಿಂತ ಬಹಳ ಕಡಿಮೆಯಾಗಿತ್ತು. ಅದರ ಬೆನ್ನಿಗೆ, 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಹೊತ್ತಿದ ಬೆಂಕಿ ಬಲವಾದ ಗಾಳಿಯಿಂದಾಗಿ ಸಾವಿರಾರು ಹೆಕ್ಟೇರ್ ಕಾಡನ್ನು ಸುಟ್ಟಿತು. ಒಣಗಿದ ಲಂಟಾನ ಪೊದೆಗಳು ಬೆಂಕಿಯ ತೀವ್ರತೆಯನ್ನು ಹೆಚ್ಚಿಸಿದವು. ಮಳೆ ನಿಂತ ಬಳಿಕ, ಬೇಸಿಗೆಗೆ ಮೊದಲು, ಹುಲ್ಲು ಪೊದೆಗಳನ್ನು ತೆರವುಗೊಳಿಸಿ ಬೆಂಕಿ ರೇಖೆಗಳನ್ನು ನಿರ್ಮಿಸುವುದು ಅರಣ್ಯ ಇಲಾಖೆಯ ವಾರ್ಷಿಕ ಕೆಲಸವಾಗಿದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿಯಿತ್ತು. ಒಣಗಾಲದ ಆರಂಭದಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗಲೇ, ಉದುರಿದ ತರಗೆಲೆಗೆ ಸಣ್ಣ ಬೆಂಕಿ ಕೊಟ್ಟು ಸುಡುವುದು ಈ ಪದ್ಧತಿ. ವನ್ಯಜೀವಿ ಧಾಮದ ಘೋಷಣೆಯ ನಂತರ ಇದು ನಿಂತಿತು. ಲಂಟಾನ ಹಬ್ಬಲು ಮತ್ತು ಬೇಸಿಗೆಯ ದೊಡ್ಡ ಬೆಂಕಿಗಳಿಗೆ ಇದು ಒಂದು ಕಾರಣವೆಂದು ಸೋಲಿಗರು ಹೇಳುತ್ತಾರೆ. ಬೆಂಕಿಯ ಪರಿಣಾಮದ ಬಗ್ಗೆ ಪರಿಸರ ವಿಜ್ಞಾನಿಗಳಲ್ಲಿ ಚರ್ಚೆ ಮುಂದುವರಿದಿದೆ. ಬೇಸಿಗೆಯಲ್ಲಿ ಜೇನು, ಹಿಂಗಾರು ಮುಗಿದ ಮೇಲೆ ನೆಲ್ಲಿಕಾಯಿ ಸಂಗ್ರಹಿಸುವುದು ಸೋಲಿಗರ ಋತುಕ್ರಮದ ಮುಖ್ಯ ಭಾಗಗಳಾಗಿವೆ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಗಳನ್ನು ನೀಡಲಾಯಿತು.

## ಹಬ್ಬ ಮತ್ತು ಜಾತ್ರೆಗಳು

ಬೇಸಿಗೆಯ ಹಬ್ಬಗಳು ಉಳುಮೆಗೂ ಶರತ್ಕಾಲದ ಹಬ್ಬಗಳು ತುಂಬಿದ ನೀರು ಮತ್ತು ಮೇವಿಗೂ ಹತ್ತಿರವಾಗಿವೆ.

* ಯುಗಾದಿ: ಹೊಸ ವರ್ಷದ ಮೊದಲ ಉಳುಮೆಯನ್ನು ‘ಹೊನ್ನೇರು’ ಕಟ್ಟುವ ಆಚರಣೆಯ ಮೂಲಕ ಆರಂಭಿಸಲಾಗುತ್ತದೆ. ಭರಣಿ ಮಳೆಗೆ ಮೊದಲೇ ನೆಲ ಸಿದ್ಧವಾಗಿರಬೇಕೆಂಬ ಅಗತ್ಯಕ್ಕೆ ಇದು ಹೊಂದುತ್ತದೆ.
* ಬಿಳಿಗಿರಿರಂಗನ ಬೆಟ್ಟದ ದೊಡ್ಡ ಜಾತ್ರೆ: ಏಪ್ರಿಲ್–ಮೇನಲ್ಲಿ ನಡೆಯುತ್ತದೆ. ಸಂಕ್ರಾಂತಿಯ ಸಮಯದಲ್ಲಿ ನಡೆಯುವುದು ಚಿಕ್ಕ ಜಾತ್ರೆ.
* ಚಾಮರಾಜೇಶ್ವರ ರಥೋತ್ಸವ: ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದ ರಥೋತ್ಸವ ಆಷಾಢ ಮಾಸದಲ್ಲಿ ನಡೆಯುತ್ತದೆ. ಆಷಾಢದಲ್ಲಿ ತವರಿನಲ್ಲಿರುವ ಹೊಸ ಮದುಮಗಳು ಪತಿಯೊಂದಿಗೆ ಈ ತೇರಿಗೆ ಬರುವುದು ವಾಡಿಕೆಯಾದ್ದರಿಂದ ಇದು ನವದಂಪತಿಗಳ ಜಾತ್ರೆಯೆಂದು ಪ್ರಸಿದ್ಧವಾಗಿದೆ. ಬೇರೆಡೆ ಮಳೆಯಿಂದಾಗಿ ಜಾತ್ರೆಗಳು ವಿರಳವಾಗಿರುವ ಆಷಾಢದಲ್ಲಿ ಇಲ್ಲಿ ತೇರೆಳೆಯಲು ಮಳೆಯ ಬಿಡುವು ಅನುಕೂಲವಾಗಿದೆ.
* ದೀಪಾವಳಿ: ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ದೀಪಾವಳಿ ಜಾತ್ರೆಯ ಅಂಗವಾಗಿ ‘ಹಾಲರವಿ’ ಉತ್ಸವ ನಡೆಯುತ್ತದೆ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ಕಲಶಗಳಲ್ಲಿ ನೀರನ್ನು ಹೊತ್ತು ತರುತ್ತಾರೆ. ಹಿಂಗಾರಿನಿಂದ ಹಳ್ಳಗಳು ಹರಿಯುವ ಕಾಲ ಇದಾಗಿದೆ.
* ಗೊರೆ ಹಬ್ಬ: ಗಡಿಯಾಚೆ ಈರೋಡು ಜಿಲ್ಲೆಯ ತಾಳವಾಡಿ ಪ್ರದೇಶದ ಕನ್ನಡಿಗರ ಊರಾದ ಗುಮಟಾಪುರದಲ್ಲಿ ದೀಪಾವಳಿಯ ಮುಕ್ತಾಯಕ್ಕೆ ಸಗಣಿ ಎರಚಾಡುವ ಈ ಹಬ್ಬ ನಡೆಯುತ್ತದೆ. ಭಾಷೆಯಂತೆ ಋತುಮಾನದಲ್ಲೂ ತಾಳವಾಡಿ ಪ್ರದೇಶವು ಚಾಮರಾಜನಗರದೊಂದಿಗೆ ಸಾಮ್ಯ ಹೊಂದಿದೆ.

ಹೊಸ ರಾಗಿ ಬಂದ ಮೇಲೆ ಸೋಲಿಗರು ಆಚರಿಸುವ ರೊಟ್ಟಿ ಹಬ್ಬವು ಎರಡನೆಯ ಮಳೆಗಾಲದ ಫಲವನ್ನು ಸ್ಮರಿಸುವ ಹಬ್ಬವಾಗಿದೆ.

## ಮೆಚ್ಚಿನ ಋತು

ಯಾವ ಋತು ಉತ್ತಮವೆಂಬ ಪ್ರಶ್ನೆಗೆ ಜಿಲ್ಲೆಯಲ್ಲಿ ಉತ್ತರವು ಬದುಕಿನ ದಾರಿಗೆ ತಕ್ಕಂತೆ ಬದಲಾಗುತ್ತದೆ. ನೀರಿನ ಹೊಂಡಗಳ ಬಳಿ ಪ್ರಾಣಿಗಳು ಸುಲಭವಾಗಿ ಕಾಣಸಿಗುವುದರಿಂದ ಸಫಾರಿಗೆ ಬರುವವರು ಮಾರ್ಚ್–ಮೇ ಅವಧಿಯನ್ನು ಆರಿಸಿಕೊಳ್ಳುತ್ತಾರೆ. ಅರಣ್ಯ ಸಿಬ್ಬಂದಿಗೆ ಅದೇ ಅತಿ ಆತಂಕದ ಕಾಲ. ಕೇರಳದ ಪ್ರವಾಸಿಗರಿಗೆ ಜುಲೈ ತಿಂಗಳ ಸೂರ್ಯಕಾಂತಿ ಹೊಲಗಳು ಪ್ರಿಯ. ಹೊಲದ ಒಡೆಯನಿಗೆ ಅದು ಮಳೆಗಾಗಿ ಮುಗಿಲು ನೋಡುವ ತಿಂಗಳು. ನದಿತೀರದವರು ತಮ್ಮ ಮನೆಗೆ ನೀರು ನುಗ್ಗಬಹುದೆಂದು ಆಗಸ್ಟ್‌ಗೆ ಅಂಜುವಾಗ, ಪ್ರವಾಸಿಗರು ಭರಚುಕ್ಕಿಯನ್ನು ನೋಡಲು ಆ ತಿಂಗಳಿಗಾಗಿ ಕಾಯುತ್ತಾರೆ.

ಮಳೆಯಾಶ್ರಿತ ರೈತರ ಮಟ್ಟಿಗೆ ಬೇಸಿಗೆಯ ಕೊನೆಯ ಮಳೆ ವರ್ಷದ ಬಿತ್ತನೆಯನ್ನು ತೀರ್ಮಾನಿಸಿದರೆ, ಶರತ್ಕಾಲದ ಮಳೆ ವರ್ಷದ ಉಳಿವನ್ನು ತೀರ್ಮಾನಿಸುತ್ತದೆ. ಮೊದಲ ಬೆಳೆ ಹಾಳಾದರೂ ಉತ್ತರೆ–ಹಸ್ತೆ ಮಳೆಗೆ ಹುರುಳಿಯನ್ನಾದರೂ ಬಿತ್ತಿ ಮನುಷ್ಯರಿಗೆ ಕಾಳು, ದನಗಳಿಗೆ ಹೊಟ್ಟು ಪಡೆಯಬಹುದು. ಎರಡೂ ಮಳೆಗಳು ತಪ್ಪಿದ ವರ್ಷಗಳಲ್ಲಿ ದನಕರುಗಳ ಮಾರಾಟ, ಮೇವಿನ ಕೊರತೆ ಮತ್ತು ಬೆಂಗಳೂರು, ಕೊಡಗು, ಕೇರಳದ ಕಡೆಗೆ ಕೂಲಿಗಾಗಿ ವಲಸೆ ಹೆಚ್ಚುತ್ತವೆ. ಎರಡೂ ಮಳೆಗಳು ಆಗಿ, ರಾಗಿ ಕಣಕ್ಕೆ ಬಂದು, ಚಳಿ ಹತ್ತುವ ಸುಗ್ಗಿಯ ಕಾಲವನ್ನು ಬಯಲಿನ ಹಳ್ಳಿಗಳಲ್ಲಿ ವರ್ಷದ ನೆಮ್ಮದಿಯ ಕಾಲವೆಂದು ಪರಿಗಣಿಸಲಾಗುತ್ತದೆ.

## ಇವನ್ನೂ ನೋಡಿ

* ಚಾಮರಾಜನಗರ ಜಿಲ್ಲೆ
* ಗುಂಡ್ಲುಪೇಟೆ
* ಬಂಡೀಪುರ ರಾಷ್ಟ್ರೀಯ ಉದ್ಯಾನ
* ಬಿಳಿಗಿರಿರಂಗನ ಬೆಟ್ಟ
* ಸೋಲಿಗರು
* ಶರದೃತು
* ಹಿಂಗಾರು